ಕೆಂಡಮ್ಮನ ಬಾಯಿ ಯಾರ ಪಾಲಿಗೆ

ಅರ್ಧರಾಕ್ಷಸರನ್ನು ನೋಂದಾಯಿಸಿಕೊಳ್ಳಲು ತುಮಕೂರಿನಲ್ಲಿ ನಿಗದಿತ ನಮೂನೆ ಯಾವುದೂ ಇಲ್ಲವೆಂಬ ಅಂಶ ಕಳೆದ ಜೂನ್ ತಿಂಗಳ ಮೂರನೇ ಭಾನುವಾರ ಬೆಳಿಗ್ಗೆ ಹನ್ನೊಂದೂವರೆಗೆ ಗಮನಕ್ಕೆ ಬಂತು. ಪೂರ್ಣ ಮನುಷ್ಯರಿಗೆ ನಮೂನೆ ಒಂದು ಇತ್ತು. ಪೂರ್ಣ ರಾಕ್ಷಸರಿಗೆ ನಮೂನೆ ಎರಡು ಇತ್ತು. ನಡುವಿನವರೂ ಅರ್ಜಿ ಹಿಡಿದು ಬಂದಾರು ಎಂದು ಸಂಘ ಯೋಚಿಸಿರಲಿಲ್ಲ.

ಸಂಘವೆಂದರೆ ತುಮಕೂರು ಜಿಲ್ಲಾ ದುಂಡುಮೇಜು ಸರದಾರರ ಸಂಘ. ಮೂರು ವರ್ಷದ ಹಿಂದೆ ಅಶ್ವಥ್‌ನ ಜೆರಾಕ್ಸ್ ಅಂಗಡಿಗೆ ಯಾರೋ ಒಂದು ಇಂಗ್ಲಿಷ್ ಪುಸ್ತಕವನ್ನು ಕಾಪಿ ತೆಗೆಯಲು ಕೊಟ್ಟು, ಟೀ ಕುಡಿದು ಬರುತ್ತೇನೆಂದು ಹೋದವರು ಬರಲೇ ಇಲ್ಲ. ಆರು ತಿಂಗಳು ಕಾದು ಅಶ್ವಥ್ ಅದನ್ನು ಓದಿದ. ದುಂಡು ಮೇಜಿನ ಸುತ್ತ ಸರದಾರರನ್ನು ಕೂರಿಸಿಕೊಳ್ಳುತ್ತಿದ್ದ ಬ್ರಿಟನ್ನಿನ ಆರ್ಥರ್ ರಾಜನ ಕಥೆಯ ಆಟ ಅದು. ಒಬ್ಬೊಬ್ಬರು ಒಂದೊಂದು ಪಾತ್ರ ಮಾಡಿಕೊಂಡು ಮೇಜಿನ ಸುತ್ತ ಕೂರಬೇಕು, ತಮ್ಮ ಪಾತ್ರ ಏನು ಮಾಡುತ್ತದೆಂದು ಬಾಯಲ್ಲಿ ಹೇಳಬೇಕು, ಇಪ್ಪತ್ತು ಮುಖದ ದಾಳ ಹಾಕಿದರೆ ಗೆಲುವೋ ಸೋಲೋ ತಿಳಿಯುತ್ತದೆ. ಆಟ ನಡೆಸುವವನು ಅಶ್ವಥ್. ಕಾಡು, ಕೋಟೆ, ಡ್ರ್ಯಾಗನ್ ಎಲ್ಲ ಅವನೇ.

ಅಂಗಡಿಯ ಮಹಡಿಯಲ್ಲಿ ಭಾನುವಾರ ಭಾನುವಾರ ಮೂರು ತಿಂಗಳು ಎಲ್ಲರೂ ಸುಮ್ಮನೆ ಆಡಿಕೊಂಡು ಖುಷಿಯಾಗಿದ್ದರು. ಆಮೇಲೆ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಮಹಾಲಿಂಗಯ್ಯನವರು ಸೇರಿದರು. ಬಂದ ದಿನವೇ "ಬೈಲಾ ಎಲ್ಲಿ?" ಎಂದರು. ಅಂದಿನಿಂದ ಅವರು ಸಂಘದ ಅಧ್ಯಕ್ಷರೂ ಹೌದು, ಆಟದಲ್ಲಿ ಆರ್ಥರ್ ರಾಜರೂ ಹೌದು. ದುಂಡು ಮೇಜು ಸಿಗದೆ ಅಡುಗೆ ಕಂಟ್ರಾಕ್ಟರ್ ಕಡೆಯ ಉದ್ದನೆ ಊಟದ ಮೇಜು ತಂದಾಗ, ಅದನ್ನು ದುಂಡೆಂದೇ ಭಾವಿಸತಕ್ಕದ್ದು ಎಂದು ನಿರ್ಣಯ ಮಾಡಿಸಿದವರೂ ಅವರೇ. ಮೇಜು ಅಂದಿನಿಂದ ದುಂಡಗಿದೆ.

ಆ ಭಾನುವಾರ ಅರ್ಜಿ ತಂದವಳು ಭಾನುಪ್ರಿಯಾ. ಅಮೃತೂರು ಕಡೆಯ ಒಂದು ಶಾಲೆಯಲ್ಲಿ ಸಹಶಿಕ್ಷಕಿ. ನಾಲ್ಕು ವರ್ಷಗಳಿಂದ ಅಲ್ಲೇ ಪ್ರಭಾರ ಮುಖ್ಯಶಿಕ್ಷಕಿ, ಪ್ರಭಾರ ಬಿಸಿಯೂಟದ ಉಸ್ತುವಾರಿ, ಪ್ರಭಾರ ಗ್ರಂಥಪಾಲಕಿ. ಕಾಯಂ ಮುಖ್ಯಶಿಕ್ಷಕರು ಬರುವತನಕ ಮಾತ್ರ ಎಂದು ಹೇಳಿದ್ದರು. ಅವರಿನ್ನೂ ಬರುತ್ತಿದ್ದಾರೆ. ಮೇಲಿನವರು ಫೋನು ಮಾಡಿ ಇನ್ನೊಂದು ಕೆಲಸ ಹೊರಿಸಿದಾಗಲೆಲ್ಲ ಅವಳ ಬಾಯಿಂದ ಬರುವುದು "ಆಗ್ಲಿ ಸರ್" ಎಂಬ ಎರಡೇ ಮಾತು. ವಾರವೆಲ್ಲ ಆ ಎರಡು ಮಾತು ಬಂದ ಬಾಯಿಂದ ಭಾನುವಾರ ಒಂದು ಸಲವಾದರೂ ಬೆಂಕಿ ಬರಲಿ ಎಂಬುದು ಅವಳ ಆಸೆ. ಅದಕ್ಕಿಂತ ದೊಡ್ಡ ಆಸೆ ಯಾವುದೂ ಅವಳಿಗೆ ಇರಲಿಲ್ಲ. ಅದಕ್ಕಾಗಿಯೇ ಎರಡು ಬಸ್ಸು ಬದಲಾಯಿಸಿ ಬಂದಿದ್ದಳು.

ಅವಳ ಪಾತ್ರದ ಹೆಸರು ಕೆಂಡಮ್ಮ. ತಾಯಿ ಬ್ರಿಟನ್ ದೇಶದ ಕುರಿ ಕಾಯುವ ಹೆಂಗಸು, ತಂದೆ ಪಾತಾಳದ ರಾಕ್ಷಸ. ಚಿಕ್ಕ ಕೊಂಬು ಎರಡು, ಕತ್ತಿ ಒಂದು, ಬಾಯಿಂದ ಹತ್ತು ಗಜ ಬೆಂಕಿ. ಡ್ರಾಯಿಂಗ್ ಹಾಳೆಯ ಮೇಲೆ ಬಣ್ಣದ ಚಿತ್ರವನ್ನೂ ಬರೆದು ತಂದಿದ್ದಳು. ಒಬ್ಬರ ಶಕ್ತಿಯಿಂದ ಉಳಿದವರ ಆಟ ಕೆಡಬಾರದು, ಪಾತ್ರ ಸಮತೋಲನದಲ್ಲಿರಬೇಕು ಎಂದು ಪುಸ್ತಕದಲ್ಲಿ ಒಂದು ಸಾಲಿತ್ತು. ಹತ್ತು ಗಜಕ್ಕೆ ಪುಸ್ತಕದ ಅಡ್ಡಿ ಇರಲಿಲ್ಲ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಮಹಾಲಿಂಗಯ್ಯನವರು ಕನ್ನಡಕ ಏರಿಸಿ ವಂಶವೃಕ್ಷ ಕೇಳಿದರು.

"ತಾಯಿ ಕಡೇದು ಸರಿ ಐತೆ. ತಂದೆ ಕಾಯಂ ವಿಳಾಸ?"

"ಪಾತಾಳ ಸರ್."

"ಹೋಬಳಿ?"

ಭಾನುಪ್ರಿಯಾ ಸ್ವಲ್ಪ ಯೋಚಿಸಿ "ಕಸಬಾ" ಎಂದಳು. ಅವರು ಬರೆದುಕೊಂಡರು.

ಗುಬ್ಬಿಯ ಅನಂತರಾಜು ಲೈಸೆನ್ಸ್ ಸರ್ವೇಯರು. ಆಟದಲ್ಲಿ ಎಲ್ಲರಿಗಿಂತ ಉದ್ದದ ಕತ್ತಿ ಅವನದು. ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ ಅವನು ತಕರಾರು ತೆಗೆದ.

"ಮೇಡಂ, ಅರ್ಧ ರಾಕ್ಷಸಿ ಅಂದ್ರೆ ಯಾವ ಅರ್ಧ? ಇದು ಜಂಟಿ ಸ್ವತ್ತು. ಪೋಡಿ ಆಗಿಲ್ಲ, ಪಾಲು ಬೇರೆ ಮಾಡಿಲ್ಲ. ಗಡಿ ಗುರುತು ಆಗ್ದೆ ಬೆಂಕಿ ಯಾರ ಪಾಲಿಂದು ಅಂತ ಹೆಂಗ್ ಹೇಳೋದು?"

"ಮೈಯೆಲ್ಲ ಬೆರ್ತಿರುತ್ತೆ ಸರ್. ರಕ್ತದಲ್ಲಿ."

"ಬೆರ್ತಿದ್ರೆ ಅದು ಒತ್ತುವರಿ," ಎಂದ ಅನಂತರಾಜು.

ಅಂದೇ ಅಳತೆ ನಡೆಯಿತು. ಸೊಂಟದಲ್ಲಿ ಬದು ಹಾಕಿದರೆ ಕೊಂಬಿರುವ ಮೇಲಿನ ಅರ್ಧದ ಜೊತೆ ಬಾಯಿ ಪೂರ್ತಿ ತಂದೆಯ ಪಾಲಿಗೆ ಹೋಗಿ ಬೆಂಕಿ ಕೊಡಲೇಬೇಕಾಗುತ್ತಿತ್ತು. ಇದಕ್ಕೆ ಮಲ್ಲಿಕಾರ್ಜುನ್ ಒಪ್ಪಲಿಲ್ಲ. ಅವನು ವಿಮೆ ಏಜೆಂಟು, ಆಟದಲ್ಲಿ ಆಸ್ಥಾನ ಮಾಂತ್ರಿಕ.

"ನಾನು ಒಂದು ದೀಪ ಹಚ್ಬೇಕಾದ್ರೆ ಮೂರು ಮಂತ್ರ ಹೇಳ್ಬೇಕು. ಇವ್ರು ಬಾಯಿ ತೆಗುದ್ರೆ ಬೆಂಕಿ. ಇದ್ಯಾವ ಸೀಮೆ ಬ್ಯಾಲೆನ್ಸು?"

ಹಾಗಾಗಿ ತಲೆಯಿಂದ ಕಾಲಿನವರೆಗೆ ನೆಟ್ಟಗೆ ಗೆರೆ ಎಳೆದರು. ಗೆರೆ ಬಾಯಿಯ ನಡುವೆ ಹಾದುಹೋಯಿತು. ಬಾಯಿ ವಿವಾದಿತ ಜಾಗವೆಂದೂ, ಇನ್ನೊಬ್ಬ ಹಕ್ಕುದಾರನಾದ ತಂದೆಯ ಒಪ್ಪಿಗೆ ಪತ್ರ ಬೇಕೆಂದೂ ತೀರ್ಮಾನವಾಯಿತು. ಪಾತಾಳಕ್ಕೆ ಅಂಚೆ ಇಲ್ಲದ ಕಾರಣ ಜೆರಾಕ್ಸ್ ಅಂಗಡಿಯ ಬಾಗಿಲಿಗೆ ನೋಟೀಸು ಅಂಟಿಸಿ ಹದಿನೈದು ದಿನ ಕಾದರು. ತಂದೆ ಹಾಜರಾಗಲಿಲ್ಲ. ನೋಟೀಸು ಓದಿದ ಇಬ್ಬರು ತಮ್ಮ ಪೋಡಿ ಕೆಲಸವನ್ನೂ ಮಾಡಿಕೊಡುವಂತೆ ಅನಂತರಾಜುವಿಗೆ ಕಾಗದ ಕೊಟ್ಟು ಹೋದರು.

ತಂದೆಯ ಒಪ್ಪಿಗೆ ಇಲ್ಲದ್ದರಿಂದ ಜುಲೈ ಪೂರ್ತಿ ಸಭೆಯಿಂದ ಸಭೆಗೆ ಬೆಂಕಿ ಕಡಿಮೆಯಾಗುತ್ತಾ ಬಂತು. ಹತ್ತು ಗಜ ಮೂರಾಯಿತು. ಮೂರು ಒಂದು ಗೇಣಾಯಿತು. ಭಾನುಪ್ರಿಯಾ ಪ್ರತಿ ವಾರ ಕುಣಿಗಲ್ ಬಸ್ಸಿನ ಕಿಟಕಿ ಪಕ್ಕ ಕೂತು ಹಾಳೆಯಲ್ಲಿ ಹಳೆಯ ಅಂಕಿ ಅಳಿಸಿ ಹೊಸದನ್ನು ಬರೆಯುತ್ತಿದ್ದಳು. ಅಳಿಸಿ ಅಳಿಸಿ ಕೆಂಡಮ್ಮನ ಬಾಯಿಯ ಹತ್ತಿರ ಹಾಳೆ ತೂತಾಗಿತ್ತು. ಅವಳಿಗೆ ಅಳು ಬಂದಿತ್ತು, ಆದರೆ ಪಕ್ಕದಲ್ಲಿ ಕೂತಿದ್ದ ಹೆಂಗಸು ನೋಡುತ್ತಿದ್ದುದರಿಂದ ಕಿಟಕಿಯ ಕಡೆ ತಿರುಗಿಕೊಂಡಳು.

ಆಗಸ್ಟ್ ಮೊದಲ ಭಾನುವಾರ ಆದೇಶ ಹೊರಬಿತ್ತು.

"ಮೇಲೆ ಓದಲಾದ ಅರ್ಜಿ, ವಂಶವೃಕ್ಷ ಹಾಗೂ ಸ್ಥಳ ತನಿಖಾ ವರದಿಗಳನ್ನು ಪರಿಶೀಲಿಸಲಾಗಿ, ಸದರಿ ಕೆಂಡಮ್ಮ ಎಂಬ ಅರ್ಧರಾಕ್ಷಸಿಯು ಬಾಯಿಂದ ಬಿಸಿ ಉಸಿರು ಮಾತ್ರ ಬಿಡಬಹುದಾಗಿದ್ದು, ಅದನ್ನು ಸರದಾರರ ಆರಿದ ಟೀ ಬಿಸಿ ಮಾಡಲು ಬಳಸತಕ್ಕದ್ದು. ಕೊಂಬುಗಳನ್ನು ತುರುಬಿನಲ್ಲಿ ಮುಚ್ಚಿಕೊಳ್ಳತಕ್ಕದ್ದು. ಮೇಲ್ಕಂಡ ಶಕ್ತಿಗೆ ಸಮತೋಲನವಾಗಿ, ಯಾರು ಯಾವ ಕೆಲಸ ಹೇಳಿದರೂ ಒಲ್ಲೆನೆನ್ನಲು ಸದರಿಯವರಿಗೆ ಬಾರದು ಎಂಬ ದೌರ್ಬಲ್ಯವನ್ನು ಮಂಜೂರು ಮಾಡಿದೆ."

ಭಾನುಪ್ರಿಯಾ ಎರಡು ಸಲ ಓದಿದಳು.

"ಸರ್, ಇದು ನಾನೇ ಅಲ್ವಾ?"

"ಅದುಕ್ಕೇ ಮೇಡಂ, ಪಾತ್ರ ಭಾಳ ಸಹಜವಾಗಿ ಬಂದದೆ," ಎಂದು ಮಹಾಲಿಂಗಯ್ಯನವರು ಸೀಲು ಒತ್ತಿದರು.

ಅವಳು "ಆಗ್ಲಿ ಸರ್" ಎಂದು ಸಹಿ ಮಾಡಿ ಪ್ರತಿ ತೆಗೆದುಕೊಂಡಳು. ಜಿಲ್ಲೆಯಲ್ಲೇ ಅತ್ಯಂತ ಸಮತೋಲಿತ ಪಾತ್ರವೆಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಮುಂದಿನ ಭಾನುವಾರ ಡ್ರ್ಯಾಗನ್ ಬರಬೇಕಿತ್ತು. ಆದರೆ ಬೆಳ್ಳಾವಿಯಲ್ಲಿ ಅಶ್ವಥ್‌ನ ಭಾವಮೈದನ ಗೃಹಪ್ರವೇಶ. ಹೊಸ ಮನೆಯವರು ವಿಮೆ ಮಾಡಿಸಿಯಾರು ಎಂದು ಮಲ್ಲಿಕಾರ್ಜುನನೂ ಜೊತೆಗೆ ಹೊರಟ. ಆಟವನ್ನು ಮುಂದಕ್ಕೆ ಹಾಕೋಣ ಬುಡಿ ಎಂದ ಅನಂತರಾಜು.

"ಹುದ್ದೆ ಖಾಲಿ ಬುಡೋ ಹಂಗಿಲ್ಲ ಕಣಯ್ಯ," ಎಂದರು ಮಹಾಲಿಂಗಯ್ಯನವರು. "ಡ್ರ್ಯಾಗನ್ನಿನ ಹೆಚ್ಚುವರಿ ಪ್ರಭಾರ ಯಾರಿಗಾದ್ರೂ ವಹಿಸ್ಬೇಕು."

ಪ್ರಭಾರಕ್ಕೆ ಅಗತ್ಯವಾದ ಅರ್ಹತೆ ಒಂದೇ, ಒಲ್ಲೆ ಎನ್ನಬಾರದು. ಆ ಅರ್ಹತೆ ಆದೇಶದ ಸಮೇತ ಒಬ್ಬರಿಗೇ ಇತ್ತು. ಮೂವತ್ತೆರಡು ವರ್ಷ ಸರ್ಕಾರಿ ಕೆಲಸ ಮಾಡಿದ ಮಹಾಲಿಂಗಯ್ಯನವರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಎಲ್ಲ ಕಚೇರಿಗಳೂ ನಡೆಯುತ್ತಿರುವುದು ಹೀಗೆಯೇ. ಹಕ್ಕೆಂದು ಕೇಳಿದರೆ ಅಳೆದು ತೂಗಿ ಒಂದು ಗೇಣು ಕೊಡದವರು, ಪ್ರಭಾರವೆಂದರೆ ಇಡೀ ಊರನ್ನೇ ಹೊರಿಸುತ್ತಾರೆ.

ಅಶ್ವಥ್ ಬೈಕು ಹತ್ತುವ ಮುಂಚೆ, ಪ್ರಭಾರದ ಜೊತೆ ಏನೇನು ವಹಿಸಿಕೊಟ್ಟಿದ್ದೇನೆಂದು ಚಾರ್ಜ್ ಲಿಸ್ಟ್ ಬರೆದುಕೊಟ್ಟ. ಬಾಲ ಒಂದು, ರೆಕ್ಕೆ ಎರಡು, ಉಗುರು ಹದಿನಾರು, ಬೆಂಕಿ ನಲವತ್ತು ಗಜ. ಭಾನುಪ್ರಿಯಾ ಒಂದೊಂದನ್ನೂ ಬೆರಳಿಟ್ಟು ಓದಿದಳು. ಕೊನೆಯ ಬಾಬಿನ ಮೇಲೆ ಅವಳ ಬೆರಳು ಸ್ವಲ್ಪ ಹೊತ್ತು ನಿಂತಿತು. "ಮೇಲ್ಕಂಡ ಎಲ್ಲವನ್ನೂ ಸುಸ್ಥಿತಿಯಲ್ಲಿ ಸ್ವೀಕರಿಸಿದ್ದೇನೆ" ಎಂದು ಬರೆದು ರುಜು ಹಾಕಿದಳು.

ಆಟ ಶುರುವಾಯಿತು. ಆರ್ಥರ್ ರಾಜರು ದುಂಡು ಮೇಜಿನ ತಲೆಗೆ ಕೂತು ಟೀ ಆರಿದೆ ಎಂದರು. ಕೆಂಡಮ್ಮ ಬಿಸಿ ಮಾಡಿಕೊಟ್ಟಳು.

"ಡ್ರ್ಯಾಗನ್ ಈಗ ಎಲ್ಲೈತೆ ಮೇಡಂ?" ಎಂದ ಅನಂತರಾಜು.

"ಆಸ್ಥಾನದ ಬಾಗಿಲಲ್ಲಿ ಸರ್."

"ಏನ್ ಮಾಡ್ತದೆ?"

ಭಾನುಪ್ರಿಯಾ ತುರುಬು ಬಿಚ್ಚಿ, ಪೆನ್ನು ಕೆಳಗಿಟ್ಟು, ದಾಳ ಕೈಗೆ ತಗೊಂಡಳು.

"ಬಾಯಿ ತೆಗೆಯುತ್ತೆ."

ದಾಳದಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಬಿತ್ತು. ಅವಳು ಹೇಳತೊಡಗಿದಳು. ಆಸ್ಥಾನದ ಪರದೆ ಹೊತ್ತಿಕೊಂಡಿತು. ಅನಂತರಾಜುವಿನ ಉದ್ದದ ಕತ್ತಿ ಕರಗಿತು, ಅವನೂ ಸುಟ್ಟುಹೋದ. ದುಂಡು ಮೇಜು ಬೂದಿಯಾಯಿತು. ಆರ್ಥರ್ ರಾಜರು ಸಿಂಹಾಸನದ ಮೇಲೆ, ಕೈಯಲ್ಲಿ ಬಿಸಿ ಟೀ ಇರುವಾಗಲೇ ಭಸ್ಮವಾದರು. ಎಷ್ಟು ವರ್ಷದಿಂದ ಒಳಗಿತ್ತೋ, ನಲವತ್ತು ಗಜವೂ ಒಂದೇ ಉಸಿರಿಗೆ ಬಂತು. ಅವಳಿಗೆ ಬಹಳ ಸಂತೋಷವಾಯಿತು.

ಮಹಾಲಿಂಗಯ್ಯನವರು ಚಾರ್ಜ್ ಲಿಸ್ಟನ್ನು ಮೇಲಿನಿಂದ ಕೆಳಗೆ ಓದಿದರು. ಸಹಿ ಇತ್ತು, ದಿನಾಂಕ ಇತ್ತು, ತಮ್ಮದೇ ಸೀಲೂ ಇತ್ತು.

"ಕಾನೂನು ಪ್ರಕಾರ ಸುಟ್ಟವ್ರೆ," ಎಂದರು.

"ಈಗ ರಾಜರು ಯಾರು ಹಂಗಾರೆ?" ಎಂದು ಸತ್ತ ಅನಂತರಾಜು ಕೇಳಿದ.

ರಾಜನ ಹುದ್ದೆ ಖಾಲಿ ಬಿಡುವ ಹಾಗಿಲ್ಲವಾದ್ದರಿಂದ ಅದರ ಪ್ರಭಾರವೂ ಒಲ್ಲೆನೆನ್ನಲಾರದವರಿಗೇ ಹೋಯಿತು. ಮುಂದಿನ ವಾರ ಸುಡುವಿಕೆಗೆ ಘಟನೋತ್ತರ ಅನುಮೋದನೆ ಸಿಕ್ಕಿತು. ಬೂದಿಯನ್ನು ದುಂಡೆಂದೇ ಭಾವಿಸತಕ್ಕದ್ದು ಎಂದೂ ನಿರ್ಣಯವಾಯಿತು. ಅಶ್ವಥ್ ಡ್ರ್ಯಾಗನ್ ವಾಪಸು ಕೇಳಿದ. ಆದರೆ ಪ್ರಭಾರ ವಹಿಸಲು ನಮೂನೆ ಇತ್ತೇ ಹೊರತು ಬಿಡಿಸಿಕೊಳ್ಳಲು ನಮೂನೆ ಇರಲಿಲ್ಲ. ಸುಟ್ಟುಹೋದ ಸರದಾರರು ಹೊಸ ಪಾತ್ರಗಳ ಅರ್ಜಿ ಹಿಡಿದು ಪ್ರಭಾರ ರಾಜರ ಮುಂದೆ ಸಾಲು ನಿಂತರು. ಮೊದಲಿಗೆ ಮಹಾಲಿಂಗಯ್ಯನವರು.

"ವಂಶವೃಕ್ಷ ತಂದಿದೀರಾ ಸರ್?" ಎಂದಳು ಭಾನುಪ್ರಿಯಾ.

ತಂದಿದ್ದರು. ಮೂರು ಪ್ರತಿ.

ಮಾರನೇ ದಿನ ಸೋಮವಾರ ಶಾಲೆಗೆ ಮೇಲಿನವರ ಫೋನು ಬಂತು. ಪಕ್ಕದೂರಿನ ಶಾಲೆಯ ಪ್ರಭಾರವನ್ನೂ ನೋಡಿಕೊಳ್ಳಬೇಕಂತೆ, ಕಾಯಂ ಮೇಷ್ಟ್ರು ಬರುವತನಕ ಮಾತ್ರ.

"ಆಗ್ಲಿ ಸರ್," ಎಂದಳು. "ಚಾರ್ಜ್ ಲಿಸ್ಟ್ ಒಂದ್ಸಲ ಓದಿ."

ಅವರು ಓದಿದರು. ಬೀರು ಎರಡು, ಗಂಟೆ ಒಂದು, ಉದ್ದನೆ ಮೇಜು ಮೂರು, ಬಿಸಿಯೂಟದ ಗ್ಯಾಸ್ ಒಲೆ ಒಂದು.

"ಒಲೆ ಸುಸ್ಥಿತಿಯಲ್ಲಿ ಇದೆಯಾ ಸರ್?"

ಚೆನ್ನಾಗಿ ಉರಿಯುತ್ತದೆ ಎಂದರು. ಭಾನುಪ್ರಿಯಾ ಒಪ್ಪಿಕೊಂಡಳು.