ಸೋತವರು ಏಳಬೇಕು

ರಾಜೀವನಗರದ ನನ್ನ ವಿಡಿಯೋ ಗೇಮ್ ಅಂಗಡಿಯಲ್ಲಿ ತಮಾಷೆಯ ಪ್ರಸಂಗಗಳಿಗೆ ಬರವಿಲ್ಲ. ಬರ ಇರುವುದು ಗಿರಾಕಿಗಳಿಗೆ. ಎಲ್ಲರ ಕೈಯಲ್ಲೂ ಫೋನಿದೆ, ಫೋನಿನ ತುಂಬ ಆಟಗಳಿವೆ. ಯುಗಾದಿ ಕಳೆದ ಮೇಲೆ ಅಂಗಡಿ ಮುಚ್ಚುತ್ತೇನೆ ಎಂದು ಹೇಳಿಯೂ ಬಿಟ್ಟಿದ್ದೆ. ಉಳಿದಿದ್ದ ನಾಲ್ಕೈದು ಜನ ಮುನಿಸಿಕೊಂಡರು. "ಫೋನಲ್ಲೇ ಆಡ್ಕೊಳ್ಳಿ" ಎಂದೆ. ಆಗ ಒಬ್ಬೊಬ್ಬರ ಸಂಕಟವೂ ಹೊರಬಂತು.

ದಪ್ಪ ಬೆರಳು

ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುವವರೊಬ್ಬರು ಬರುತ್ತಾರೆ. ದಿನವಿಡೀ ಕಾರು ಓಡಿಸಿ ಸುಸ್ತಾಗಿ, ದಣಿವಾರಿಸಿಕೊಳ್ಳಲು ಇಲ್ಲಿಗೆ ಬಂದು ಮತ್ತೆ ಕಾರನ್ನೇ ಓಡಿಸುತ್ತಾರೆ. ಫೋನಿನಲ್ಲೂ ಒಮ್ಮೆ ಆಡಿ ನೋಡಿದರಂತೆ. ಬಲಕ್ಕೆ ತಿರುಗಿಸಲು ಹೆಬ್ಬೆರಳಿಟ್ಟರೆ ಬಲಗಡೆಯ ರಸ್ತೆಯೇ ಮಾಯ.

"ದೊಡ್ಡ ಫೋನ್ ತಗೊಳ್ಳಿ" ಎಂದೆ.

"ಎಷ್ಟು ದೊಡ್ಡದಾದ್ರೇನು ಕಣ್ರೀ? ಮುಂದಿನ ಗಾಜಿನ ಮೇಲೆ ಕೈಯಿಟ್ಕೊಂಡು ಯಾರಾದ್ರೂ ಗಾಡಿ ಓಡಿಸ್ತಾರಾ? ಪ್ಯಾಸೆಂಜರ್ ಅಲ್ಲೇ ಇಳಿದುಬುಡ್ತಾನೆ."

ಉಪ್ಪಿಟ್ಟು

ಯಾದವಗಿರಿಯ ನಿವೃತ್ತ ಟೀಚರ್ ಒಬ್ಬರಿಗೆ ಕ್ರಿಕೆಟ್ ಆಟದ ಹುಚ್ಚು. ಫೋನಿನಲ್ಲಿ ಆಡುವಾಗ ಕೊನೆಯ ಓವರಿಗೆ ಸರಿಯಾಗಿ ತಂಗಿಯ ಕರೆ ಬರುತ್ತಿತ್ತಂತೆ, ತಿಂಡಿ ಏನು ಅಂತ ಕೇಳಲು.

"ಕಟ್ ಮಾಡಿದ್ರೆ ಬೇಜಾರು ಮಾಡ್ಕೋತಾಳೆ, ಪಾಪ. ಎತ್ತಿ ಉಪ್ಪಿಟ್ಟು ಅನ್ನೋಷ್ಟರಲ್ಲಿ ನಾನು ಬೌಲ್ಡ್."

ಹಾಗಾಗಿ ಇಲ್ಲಿಗೆ ಬಂದು, ಫೋನನ್ನು ನನ್ನ ಮೇಜಿನ ಮೇಲಿಟ್ಟು ಆಡಲು ಕೂರುತ್ತಾರೆ. ಕರೆ ಬಂದರೆ ನಾನೇ ಎತ್ತಿ, "ನಿಮ್ಮಕ್ಕ ಬ್ಯಾಟಿಂಗ್ ಮಾಡ್ತಿದಾರೆ ಕಣಮ್ಮ" ಎನ್ನುತ್ತೇನೆ. ಈಗ ಆ ತಂಗಿ ಅಕ್ಕನನ್ನು ಕೇಳುವುದೇ ಬಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಏನು ತಿಂಡಿ ಎಂದು ವಿಚಾರಿಸಿ ಫೋನಿಡುತ್ತಾರೆ.

ಒಂದೇ ಬೆಂಚು

ನಮ್ಮಲ್ಲೊಂದು ಪದ್ಧತಿಯಿದೆ. ಸೋತವರು ಎದ್ದು, ಕಾಯುತ್ತಿರುವವರಿಗೆ ಜಾಗ ಬಿಡಬೇಕು. ಸಮವಾದರೆ ಇಬ್ಬರೂ ಕೂತೇ ಇರಬಹುದು.

ಫುಟ್‌ಬಾಲ್ ಆಡಲು ಲ್ಯಾಬ್ ಟೆಕ್ನಿಷಿಯನ್ ಯುವಕನೊಬ್ಬ ಬರುತ್ತಿದ್ದ, ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಬರುತ್ತಿದ್ದಳು. ಬೇರೆ ಯಾರೇ ಎದುರಿಗೆ ಕೂತರೂ ಇಬ್ಬರೂ ಸಲೀಸಾಗಿ ಸೋಲಿಸುತ್ತಿದ್ದರು. ಅವರಿಬ್ಬರೇ ಆಡಿದರೆ ಮಾತ್ರ ಪ್ರತಿ ಸಲವೂ ಸಮ. ಕಾದು ಕಾದು ಬೇಸತ್ತ ಟ್ಯಾಕ್ಸಿಯವರು ನನ್ನನ್ನು ಕರೆದು ತೋರಿಸಿದರು. ಅವಳು ಒಂದು ಗೋಲು ಮುಂದಾದರೆ, ಕೂಡಲೇ ತನ್ನ ಗೋಲಿಗೇ ಚೆಂಡು ಒದ್ದುಕೊಳ್ಳುತ್ತಾಳೆ. ಅವನು ಮುಂದಾದರೆ ಅವನದೂ ಅದೇ ಕಥೆ.

"ಇಷ್ಟು ಕಷ್ಟ ಯಾಕ್ರಪ್ಪ? ಫೋನಲ್ಲಾದ್ರೆ ಯಾರೂ ಏಳಿಸಲ್ಲ" ಎಂದೆ.

ಅವನು ನೆಲ ನೋಡಿದ. ಹುಡುಗಿಯೇ ಹೇಳಿದಳು: "ಫೋನಲ್ಲಿ ಆಡಿದ್ರೆ ಅವರ ಮನೇಲಿ ಅವರು, ನಮ್ಮನೇಲಿ ನಾನು ಅಲ್ವಾ ಅಂಕಲ್?"

ಯುಗಾದಿ ಕಳೆದರೂ ಅಂಗಡಿ ಮುಚ್ಚಲು ಮನಸ್ಸು ಬರಲಿಲ್ಲ. ಶ್ರಾವಣದಲ್ಲಿ ಅವರಿಬ್ಬರ ಮದುವೆಯೂ ಆಯಿತು. ಮನೆಯಲ್ಲೇ ನೆಮ್ಮದಿಯಾಗಿ ಕೂತು ಆಡಿಕೊಳ್ಳಲಿ ಎಂದು ಅಂಗಡಿಯ ಒಂದು ಗೇಮ್ ಸೆಟ್ಟನ್ನೇ ಉಡುಗೊರೆ ಕೊಟ್ಟೆ. ಇನ್ನು ಇವರೂ ಬರುವುದಿಲ್ಲ, ಈಗ ನಿಜಕ್ಕೂ ಬಾಗಿಲು ಹಾಕಬಹುದು ಎಂದುಕೊಂಡೆ.

ಮರುವಾರವೇ ಇಬ್ಬರೂ ಬೆಂಚಿನ ಮೇಲೆ ಹಾಜರು.

"ಯಾಕಮ್ಮ, ಮನೇಲಿ ಆಡೋಕಾಗಲ್ವಾ?"

"ಮನೇಲಿ ನಮ್ಮತ್ತೆ ಕೂತ್ಬುಟ್ಟಿದಾರೆ ಅಂಕಲ್. ಸೋತ್ರೂ ಏಳಲ್ಲ."