ನಮ್ಮ ಏರಿಯಾ ಎಮ್ಮೆಲ್ಲೆ ಯಾರು?

ಸ್ಟಾಕ್‌ಹೋಮ್ ಪ್ರಾಂತ್ಯವನ್ನು ಹೇಗೆ ಆಳಬೇಕೆಂದು ನನ್ನ ಸೋದರಮಾವನಿಗೆ ಚೆನ್ನಾಗಿ ಗೊತ್ತು. ಆಳುವವರಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ ಎಂಬುದು ಅವರ ದೂರು.

ಇಲ್ಲಿಯ ಪೌರತ್ವವಿಲ್ಲದಿದ್ದರೂ, ಸತತ ಮೂರು ವರ್ಷ ನೆಲೆಸಿದವರಿಗೆ ಪ್ರಾಂತೀಯ ಸಭೆಯ ಮತ ಸಿಗುತ್ತದೆ. ಸಂಸತ್ತಿನ ಹಳದಿ ಮತಚೀಟಿ ನಮಗಿಲ್ಲ, ಪ್ರಾಂತ್ಯದ ನೀಲಿ ಚೀಟಿ ಉಂಟು. ಆಸ್ಪತ್ರೆ, ಬಸ್ಸು, ರೈಲು ಎಲ್ಲ ಈ ಸಭೆಯ ಕೈಯಲ್ಲಿವೆ ಎಂದು ತಿಳಿದ ದಿನ ಮಾವ ಸ್ಟಾಕ್‌ಹೋಮ್ ಪಕ್ಕದ ಸೋಲ್ನಾದ ತಮ್ಮ ಮನೆಯ ಸೋಫಾದಿಂದ ಎದ್ದು ನಿಂತರು. ಅತ್ತೆಯ ಮಂಡಿಯ ಆಪರೇಷನ್ನಿಗೆ ಚಳಿಗಾಲದಿಂದ ಕಾಯುತ್ತಿದ್ದರು; ಸರದಿ ಬಂದಿರಲಿಲ್ಲ.

"ನಮ್ ಏರಿಯಾ ಎಮ್ಮೆಲ್ಲೆ ಯಾರೇ? ಒಂದ್ ಲೆಟರ್ ತಗೊಂಡ್ರೆ ಆಯ್ತು," ಎಂದರು ನನಗೆ.

"ಹಾಗೆ ಒಬ್ಬರೇ ಅಂತ ಇರಲ್ಲ ಮಾವ. ಪಾರ್ಟಿಗೆ ವೋಟ್ ಹಾಕೋದು. ವೋಟು ಎಷ್ಟು ಬಂತೋ ಅದರ ಪ್ರಕಾರ ಸೀಟು. ಬೇಕಿದ್ರೆ ಲಿಸ್ಟಲ್ಲಿ ಒಬ್ಬರ ಹೆಸರಿಗೆ ಟಿಕ್ ಹಾಕಬಹುದು."

"ಅದೆಲ್ಲ ಸರಿ. ಯಾರ ಮನೆ ಮುಂದೆ ಹೋಗಿ ನಿಂತ್ಕೋಬೇಕು?"

ನನ್ನ ರಾಜ್ಯಶಾಸ್ತ್ರದ ಪದವಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಚುನಾವಣೆ ಹತ್ತಿರವಾದಾಗ ಪಕ್ಷಗಳು ಚೌಕದಲ್ಲಿ ಗೂಡಂಗಡಿಯಂಥ ಪುಟ್ಟ ಮರದ ಗೂಡುಗಳನ್ನು ಹಾಕಿ ಕಾಫಿ, ಬನ್ನು ಹಂಚುತ್ತವೆ. ಮಾವ ಒಂದನ್ನೂ ಬಿಡಲಿಲ್ಲ. ಎಡಪಕ್ಷದ ಬನ್ನು ಗಟ್ಟಿ, ಬಲಪಕ್ಷದ್ದು ಚಿಕ್ಕದು ಎಂಬಲ್ಲಿಗೆ ಅವರ ಪ್ರಣಾಳಿಕೆಗಳ ಅಧ್ಯಯನ ಮುಗಿಯಿತು. ಆಸ್ಪತ್ರೆಯ ಸರದಿ ಕಡಿಮೆ ಮಾಡುವ ಭರವಸೆ ಎಲ್ಲ ಗೂಡಿನಲ್ಲೂ ಇತ್ತು. ಈಗ ಆಳುತ್ತಿರುವವರ ಗೂಡಿನಲ್ಲೂ ಇತ್ತು.

ಮನೆಗೆ ಬಂದು ಅತ್ತೆಗೆ ಆಜ್ಞೆ ಮಾಡಿದರು: "ನಾನ್ ಹೇಳ್ದವ್ರಿಗೇ ನೀನೂ ಹಾಕು."

"ಮಂಡಿ ನಂದು, ವೋಟೂ ನಂದು," ಎಂದರು ಅತ್ತೆ.

ಕೊನೆಗೆ ಸಭೆಯ ಸದಸ್ಯೆಯೊಬ್ಬರು ಚೌಕದಲ್ಲೇ ಸಿಕ್ಕಿದರು. ಹೆಚ್ಚಿನ ಸದಸ್ಯರಂತೆ ಅವರಿಗೂ ಬೇರೆ ಕೆಲಸವಿತ್ತು. ಶಾಲೆಯಲ್ಲಿ ಪಾಠ ಮುಗಿಸಿ ಸೈಕಲ್ಲಿನಲ್ಲಿ ಬಂದಿದ್ದರು. ಹಿಂದೆ ಮುಂದೆ ಒಬ್ಬ ಬೆಂಬಲಿಗನೂ ಇಲ್ಲದ್ದನ್ನು ಕಂಡು ಮಾವನ ಅರ್ಧ ನಂಬಿಕೆ ಹೋಯಿತು. ಆದರೂ ತಂದಿದ್ದ ಜರಿ ಶಾಲು ಹೊದಿಸಿಯೇಬಿಟ್ಟರು. ಆಕೆ ಅದನ್ನು ಅಂದವಾಗಿ ಮಡಚಿ, ಉಡುಗೊರೆ ತೆಗೆದುಕೊಳ್ಳುವಂತಿಲ್ಲವೆಂದು ಹಿಂದಿರುಗಿಸಿದರು. ಮಾವ ಇಂಗ್ಲಿಷಿನಲ್ಲಿ ವಿಷಯಕ್ಕೆ ಬಂದರು. ಆಕೆ ಪೂರ್ತಿ ಕೇಳಿ ಮೆಲ್ಲಗೆ ಹೇಳಿದರು: "ಸರದಿಯಲ್ಲಿ ನಿಮ್ಮ ಹೆಂಡತಿಯನ್ನು ಮುಂದೆ ತಂದರೆ, ಹಿಂದಕ್ಕೆ ಯಾರನ್ನು ಕಳಿಸಲಿ?"

ಮಾವ ಮಾತಿಗೆ ಸೋತದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಳಗೊಳಗೇ ಸಂತೋಷಪಟ್ಟೆ.

ಮತದಾನದ ದಿನ ಮೂವರೂ ಹತ್ತಿರದ ಶಾಲೆಗೆ ಹೋದೆವು. ಹೊರಬರುವಾಗ ಮಾವ, ನನಗೆ ಮಾತ್ರ ಕೇಳುವಂತೆ, "ರಾತ್ರಿ ನೋವಾದ್ರೆ ಇವಳು ದಿಂಬು ಕಚ್ಕೊಂಡ್ ಮಲಗ್ತಾಳೆ ಕಣೇ. ನಾನು ಎದ್ದುಬಿಡ್ತೀನಿ ಅಂತ," ಎಂದರು. "ಬೆಂಗಳೂರಾಗಿದ್ರೆ ಹೇಗಾದ್ರೂ ಯಾರನ್ನಾದ್ರೂ ಹಿಡೀತಿದ್ದೆ. ಇಲ್ಲಿ ಯಾರನ್ನ ಹಿಡೀಲಿ ಹೇಳು?"

ಕೇಳಬಾರದೆಂದುಕೊಂಡದ್ದು ಅತ್ತೆಗೆ ಕೇಳಿಸಿತ್ತು. ಮೆಟ್ಟಿಲ ಮೇಲೆ ನಿಂತು ಕೈ ಚಾಚಿದರು.

"ಸದ್ಯಕ್ಕೆ ನನ್ನ ಹಿಡ್ಕೊಳ್ಳಿ. ಇಳೀಬೇಕು."