ನೂರು ಗಂಟೆಯ ಕ್ಯಾಟಲಿಸ್ಟ್

ಇಷ್ಟಕ್ಕೆಲ್ಲ ಕಾರಣ ಒಂದು ಒರೆಸುವ ಬಟ್ಟೆ.

ಮೈಸೂರಿನ ಪ್ರಯೋಗಾಲಯವೊಂದರಲ್ಲಿ ಸಂಘಮಿತ್ರ ಕಬ್ಬಿನ ಸಿಪ್ಪೆಯಿಂದ ಇಂಧನದ ಎಣ್ಣೆ ತೆಗೆಯುತ್ತಿದ್ದಳು. ಸಿಪ್ಪೆ ಕಾಯಿಸಿ ಬಂದ ಹಬೆಯನ್ನು ಎಣ್ಣೆಯಾಗಿಸುವುದು ಕೊಳವೆಯೊಳಗಿನ ಕ್ಯಾಟಲಿಸ್ಟ್ ಎಂಬ ಪುಡಿ. ಆ ಪುಡಿಗೆ ಒಂದೇ ರೋಗ: ಎರಡು ದಿನ ದುಡಿದರೆ ಮೈತುಂಬ ಮಸಿ ಹಿಡಿದು ಸತ್ತೇ ಹೋಗುತ್ತದೆ. ಅದರ ಆಯಸ್ಸು ಹೆಚ್ಚಿಸುವುದೇ ಅವಳ ಪಿಎಚ್‌ಡಿ. ನೂರು ಗಂಟೆ ಬಾಳಿಸಿದರೆ ಪ್ರಬಂಧಕ್ಕೆ ಸಹಿ ಹಾಕುವುದಾಗಿ ಗೈಡ್ ಸಿದ್ದಲಿಂಗಸ್ವಾಮಿಯವರು ಮಾತು ಕೊಟ್ಟಿದ್ದರು. ಆ ಸಹಿ ಇಂದೇ ಬೇಕು. ನಾಳೆಯೊಳಗೆ ಪ್ರಬಂಧ ಸಲ್ಲಿಸದಿದ್ದರೆ ಕೈಗೆ ಬಂದ ಲೆಕ್ಚರರ್ ಕೆಲಸ ಬೇರೆಯವರ ಪಾಲು.

ಬೆಳಿಗ್ಗೆ, ಅವಳು ಸುಧಾರಿಸಿದ ಪುಡಿಯ ತೊಂಬತ್ತೆರಡನೆಯ ಗಂಟೆಗೆ ಎಣ್ಣೆ ತೊಟ್ಟಿಕ್ಕುವುದು ನಿಧಾನವಾಯಿತು. ಪಕ್ಕದ ಟೇಬಲ್ಲಿನ ಅನುಪಮಾ ಕಾವು ಏರಿಸು ಎಂದಳು; ಸಂಘಮಿತ್ರ ಏರಿಸಿದಳು. ಎದುರು ಕೋಣೆಯ ಬಸವರಾಜು ಬಂದು, ಅಯ್ಯೋ ಇಳಿಸಬೇಕಿತ್ತು ಎಂದ, ಇಳಿಸಿದಳು. ಸಲಹೆ ಕೊಡುವವರಿಗೇನು, ಪಿಎಚ್‌ಡಿ ಅವರದೇ? ಎಣ್ಣೆ ಪೂರ್ತಿ ನಿಂತಿತು. ಸಂಘಮಿತ್ರ ಸಿಪ್ಪೆಯ ಹಬೆ ಬರುವ ದಾರಿ ಮುಚ್ಚಿ ಕ್ಯಾಂಟೀನಿಗೆ ಹೋಗಿ, ಕಾಫಿ ಲೋಟದ ಮುಂದೆ ಒಂದಷ್ಟು ಅತ್ತು ಬಂದಳು.

ಬಂದು ನೋಡಿದರೆ ಅಟೆಂಡರ್ ಚಾಮಯ್ಯ ಬಟ್ಟೆ ಹಿಡಿದು ನಿಂತಿದ್ದಾರೆ. ಕೊಳವೆಗೆ ಜೋಡಿಸಿದ್ದ ಗಾಳಿ ಸಿಲಿಂಡರಿನ ತಿರುಪು ತೆರೆದುಕೊಂಡು, ಕಾದ ಕೊಳವೆಯೊಳಗೆ ಗಾಳಿ ಬುಸುಗುಡುತ್ತ ನುಗ್ಗುತ್ತಿದೆ.

"ಏನ್ ಮಾಡ್ಬುಟ್ರಿ ಚಾಮಯ್ಯನೋರೆ?"

"ಧೂಳಿತ್ತು ಕಣಮ್ಮ, ಒರೆಸ್ದೆ. ಎಂಗೋ ತಿರುಗ್ಬುಡ್ತು."

ಸಂಘಮಿತ್ರ ಗಾಳಿ ನಿಲ್ಲಿಸಿ, ಒಳಗುಳಿದ ಗಾಳಿ ಹೊರಹೋಗಲು ನೈಟ್ರೋಜನ್ ಹಾಯಿಸಿ, ಇನ್ನೇನು ಹಾಳಾಗುವುದಿದೆ ಎಂದು ಮತ್ತೆ ಹಬೆ ಬಿಟ್ಟಳು. ಅರ್ಧ ಗಂಟೆಯಲ್ಲಿ ಎಣ್ಣೆ ಮೊದಲ ದಿನದ ಹಾಗೆ ತೊಟ್ಟಿಕ್ಕತೊಡಗಿತು. ಮಸಿಯೆಲ್ಲ ಆ ಗಾಳಿಗೆ ಉರಿದುಹೋಗಿ ಪುಡಿ ಹೊಸದಾಗಿತ್ತು. ಚಾಮಯ್ಯನವರ ಕಾಲಿಗೆ ಬೀಳುವುದೊಂದು ಬಾಕಿ.

ಸಂಜೆ ನೂರು ಗಂಟೆ ತುಂಬಿದಾಗ ಸಿದ್ದಲಿಂಗಸ್ವಾಮಿಯವರು ಬಂದರು. ನಡೆದದ್ದನ್ನೆಲ್ಲ ಕೇಳಿ ಶಭಾಷ್ ಎಂದು ಪೆನ್ನಿನ ಮುಚ್ಚಳ ತೆಗೆದವರು, ಪ್ರಬಂಧದ ಶೀರ್ಷಿಕೆ ಓದಿ ಹಾಗೇ ನಿಂತರು. ಅದು 'ಕ್ಯಾಟಲಿಸ್ಟಿನ ಆಯಸ್ಸು' ಎಂದಿತ್ತು.

"ಎಷ್ಟಮ್ಮ ಇದರ ಆಯಸ್ಸು?"

"ಗೊತ್ತಿಲ್ಲ ಸರ್, ಸಾಯ್ತಾನೇ ಇಲ್ವಲ್ಲ. ಗಾಳಿ ಬಿಟ್ರೆ ಮತ್ತೆ ಎದ್ದು ಕೂರುತ್ತೆ."

"ಆಯಸ್ಸು ಅಂತ ಹೆಸರಿಟ್ಟು ಎಷ್ಟು ಅಂತ ಬರೀದೆ ಇದ್ರೆ ಎಕ್ಸಾಮಿನರ್ ಬಿಡ್ತಾರಾ? ಪೂರ್ತಿ ಸಾಯ್ಲಿ ತಾಯಿ, ಆಮೇಲೆ ಸಹಿ ಹಾಕ್ತೀನಿ."

ಪೆನ್ನು ಜೇಬಿಗೆ ಹೋಯಿತು, ಅವರು ವಿದ್ಯಾರಣ್ಯಪುರಂ ಮನೆಗೆ ಹೊರಟರು. ಎರಡು ವರ್ಷದಿಂದ ಬದುಕು ಬದುಕು ಎಂದು ಬೇಡಿಕೊಂಡಿದ್ದ ಪುಡಿಯ ಮುಂದೆ ಸಂಘಮಿತ್ರ ಸ್ಟೂಲ್ ಎಳೆದು ಕುಳಿತಳು, ಯಾವಾಗ ಸಾಯುತ್ತದೋ ಎಂದು. ಎಣ್ಣೆ ಟಪ್ ಟಪ್ ಎಂದು ಬೀಳುತ್ತಲೇ ಇತ್ತು.